ಕನ್ಸ್ಯೂಮ್ ಎಂಬ ಕ್ರಿಯಾಪದದ ಮೇಲೊಂದು ತಕರಾರು

ಹೋದ ತಿಂಗಳು ಪುಣೆಯ ನಮ್ಮ ಕನ್ನಡ ಗೆಳೆಯರ ಗುಂಪಿನಿಂದ ಒಂದು ಗೂಗಲ್ ಫಾರ್ಮ್ ಬಂತು. ಊರು ಬಿಟ್ಟು ಬಂದವರು ಕನ್ನಡವನ್ನು ಎಷ್ಟು ಉಳಿಸಿಕೊಂಡಿದ್ದೇವೆ ಅಂತ ತಿಳಿಯುವ ಸಮೀಕ್ಷೆ. ಒಳ್ಳೆಯ ಕೆಲಸವೇ. ಮೂರು ಪ್ರಶ್ನೆಗೆ ಉತ್ತರ ಒತ್ತಿದೆ. ನಾಲ್ಕನೆಯದು ಹೀಗಿತ್ತು: ‘ನೀವು ವಾರಕ್ಕೆ ಎಷ್ಟು ಗಂಟೆ ಕನ್ನಡ ಕಂಟೆಂಟ್ ಕನ್ಸ್ಯೂಮ್ ಮಾಡುತ್ತೀರಿ?’

ಅಲ್ಲೇ ನಿಂತೆ. ಆ ವಾರ ನಾನು ಕಾರಂತರ ‘ಮೂಕಜ್ಜಿಯ ಕನಸುಗಳು’ ಮೂರನೇ ಸಲ ಓದುತ್ತಿದ್ದೆ. ಕಂಪನಿ ಬಸ್ಸಿನಲ್ಲಿ ಹಿಂಜವಡಿಗೆ ಹೋಗುವಾಗ ಭೀಮಸೇನ ಜೋಶಿಯವರು ಹಾಡಿದ ದಾಸರ ಪದಗಳನ್ನು ಕೇಳುತ್ತಿದ್ದೆ. ಗದಗದ ಸೀಮೆಯಿಂದ ಬಂದು ಇದೇ ಪುಣೆಯಲ್ಲಿ ನೆಲೆಸಿದವರು ಅವರು, ನಮ್ಮ ಪೈಕಿಯೇ ಅಂತ ನನಗೊಂದು ಸಲಿಗೆ. ಮೂರು ಸಲ ಓದಿದ ಮೇಲೂ ಮೂಕಜ್ಜಿ ಒಂದು ಪುಟ ಕಡಿಮೆಯಾಗಿಲ್ಲ. ನಾನು ಕೇಳಿದ್ದರಿಂದ ಜೋಶಿಯವರ ಹಾಡು ನಾಳೆ ಕೇಳುವವರಿಗೆ ಒಂದು ಸ್ವರ ಕಮ್ಮಿ ಬೀಳುವುದಿಲ್ಲ. ಹಾಗಾದರೆ ನಾನು ಕನ್ಸ್ಯೂಮ್ ಮಾಡಿದ್ದು ಏನನ್ನು?

ಅದೇ ಮಧ್ಯಾಹ್ನ ಫೋನಿಗೆ ಸಂದೇಶ ಬಂತು, ದಿನದ ಡೇಟಾದಲ್ಲಿ 90% ಕನ್ಸ್ಯೂಮ್ ಮಾಡಿದ್ದೀರಿ ಅಂತ. ಸಂಜೆ ಆಫೀಸಿನ ಪೋರ್ಟಲ್ಲು, ಕ್ಯಾಶುಯಲ್ ಲೀವ್ ಎಕ್ಸಾಸ್ಟ್ ಆಗಿದೆ ಅಂದಿತು. ಮ್ಯಾನೇಜರು ಕರೆದು ಈ ಕ್ವಾರ್ಟರಿನಲ್ಲಿ ನಿಮ್ಮ ಯುಟಿಲೈಸೇಷನ್ ಸಾಲದು ಅಂದರು. ಅಂದರೆ ಹಾಡು ಕೇಳಿದಾಗ ತಿಂದು ಮುಗಿಸಿದವನು ನಾನು. ನನ್ನ ವಯಸ್ಸನ್ನು ದಿನಕ್ಕೆ ಒಂಬತ್ತು ಗಂಟೆಯ ಲೆಕ್ಕದಲ್ಲಿ ತೆಗೆದುಕೊಳ್ಳುವವರು ಮಾತ್ರ ನನ್ನನ್ನು ಬರೀ ‘ಯುಟಿಲೈಸ್’ ಮಾಡುತ್ತಿದ್ದಾರೆ! ನನ್ನ ತಕರಾರು ಇಷ್ಟೇ. ಎಲ್ಲಿ ಏನೂ ಕರಗುವುದಿಲ್ಲವೋ ಅಲ್ಲಿ ನಾವು ತಿನ್ನುವ ಕ್ರಿಯಾಪದ ಹಚ್ಚುತ್ತಿದ್ದೇವೆ. ಎಲ್ಲಿ ನಿಜವಾಗಿ ಯಾರೋ ತಿಂದಿದ್ದಾರೋ ಅಲ್ಲಿ ತಿಂದವರ ಹೆಸರೇ ಬೇಡದ ಕ್ರಿಯಾಪದ ಹಚ್ಚುತ್ತಿದ್ದೇವೆ. ಎರಡನ್ನೂ ಇಂಗ್ಲಿಷಿನಿಂದ ಎತ್ತಿಕೊಂಡು ಬಂದು, ಕೊನೆಗೊಂದು ‘ಮಾಡು’ ಸೇರಿಸಿ, ಕನ್ನಡ ಅಂತ ಕರೆಯುತ್ತಿದ್ದೇವೆ.

ಡೇಟಾದ ಮಾತನ್ನೇ ತೆಗೆದುಕೊಳ್ಳಿ. ಒಂದೂವರೆ ಜಿಬಿ ಅನ್ನುವುದು ಡಬ್ಬಿಯಲ್ಲಿಟ್ಟ ರಾಗಿ ಹಿಟ್ಟೇ, ನಾನು ಮುದ್ದೆ ಮಾಡಿಕೊಂಡು ತಿಂದೆ ಅನ್ನಲಿಕ್ಕೆ? ಒಂದು ಗಳಿಗೆಯಲ್ಲಿ ಒಂದು ಟವರು ಹೊರುವ ಭಾರಕ್ಕೆ ಮಿತಿ ಇದೆ, ಒಪ್ಪುತ್ತೇನೆ. ಆದರೆ ಬೆಳಿಗ್ಗೆ ನಾನು ನೋಡಿದ ವೀಡಿಯೊದಿಂದ ರಾತ್ರಿಗೆ ಏನೂ ಸವೆದಿರುವುದಿಲ್ಲ. ಮುಗಿದದ್ದು ಕಂಪನಿ ಕೊಟ್ಟ ಅಪ್ಪಣೆ. ‘ಇನ್ನು ನಿಧಾನ ಮಾಡುತ್ತೇವೆ, ಬೇಕಾದರೆ ಇನ್ನಷ್ಟು ದುಡ್ಡು ಕೊಡಿ’ ಅಂತ ಅವರು ಹೇಳಬೇಕಾದ ಮಾತು, ‘ನೀವು ತಿಂದು ಮುಗಿಸಿದಿರಿ’ ಅಂತ ನನ್ನ ತಲೆಗೆ ಕಟ್ಟಿಕೊಂಡು ಬರುತ್ತದೆ. ಮತ್ತು ನಾನು, ಓದು ಬರಹ ಬಲ್ಲವನು, ಹೌದಲ್ಲ, ಬಹಳ ತಿಂದುಬಿಟ್ಟೆ ಅಂತ ತಲೆ ತಗ್ಗಿಸುತ್ತೇನೆ.

‘ಕನ್ಸ್ಯೂಮ್’ ಹುಟ್ಟಿನಿಂದ ಇಷ್ಟು ಮೆತ್ತಗಿನ ಪದವೇನಲ್ಲ. ಲ್ಯಾಟಿನ್ ಮೂಲದಿಂದ ಇಂಗ್ಲಿಷಿಗೆ ಬಂದ ಕಾಲದಲ್ಲಿ ಅದರ ಅರ್ಥ ನಾಶಮಾಡು, ಹಾಳುಗೆಡವು ಅಂತಲೇ. ಬೆಂಕಿ ಮನೆಯನ್ನು ಕನ್ಸ್ಯೂಮ್ ಮಾಡುತ್ತಿತ್ತು. ಕ್ಷಯರೋಗಕ್ಕೆ ಇಂಗ್ಲಿಷಿನಲ್ಲಿ ಬಹುಕಾಲ ಇದ್ದ ಹೆಸರು ಕನ್ಸಂಪ್ಷನ್. ನಮ್ಮ ‘ಕ್ಷಯ’ವೂ ಅದೇ ಚಿತ್ರ, ದೇಹ ದಿನದಿನಕ್ಕೆ ಕರಗುವುದು. ರೇಮಂಡ್ ವಿಲಿಯಮ್ಸ್ 1976ರ ತನ್ನ ‘ಕೀವರ್ಡ್ಸ್’ ಪುಸ್ತಕದಲ್ಲಿ ಈ ಪದದ ಜಾಡು ಹಿಡಿದು ಹೋಗಿದ್ದಾನೆ: ಹಳೆಯ ಬಳಕೆಗಳಲ್ಲೆಲ್ಲ ಬೈಗುಳದ ವಾಸನೆ ಇದ್ದ ಮಾತು, ಅರ್ಥಶಾಸ್ತ್ರದವರು ಉತ್ಪಾದನೆಗೆ ಜೋಡಿ ಪದವಾಗಿ ಹಿಡಿದ ಮೇಲೆ ನಿಧಾನವಾಗಿ ತಣ್ಣಗಾಯಿತು. ಮನುಷ್ಯನನ್ನು ಕನ್ಸ್ಯೂಮರ್ ಅಂತ ಕರೆಯುವುದು ಮರ್ಯಾದೆಯಾಯಿತು. ಕಾಯಿಲೆಯ ಹೆಸರು ಗಿರಾಕಿಯ ಹೆಸರಾಯಿತು.

ಉಳಿದ ಎರಡರ ಕಥೆಯೂ ಹೀಗೇ. ‘ಎಕ್ಸಾಸ್ಟ್’ ಪದದ ಲ್ಯಾಟಿನ್ ಬೇರಿನಲ್ಲಿರುವುದು ನೀರು ಸೇದುವ ಕೆಲಸ. ಸೇದಿ ಸೇದಿ ಬರಿದು ಮಾಡುವುದು. ಸೇದುವುದಕ್ಕೆ ಒಬ್ಬ ಮನುಷ್ಯ ಬೇಕು, ಅವನ ಕೈಯಲ್ಲಿ ಹಗ್ಗ ಬೇಕು. ‘ಡಿಪ್ಲೀಟ್’ ಅಂದರೆ 19ನೇ ಶತಮಾನದ ಇಂಗ್ಲಿಷ್ ವೈದ್ಯರ ಮಾತಿನಲ್ಲಿ ರೋಗಿಯ ರಕ್ತ ಹರಿಸಿ ನಾಳಗಳನ್ನು ಖಾಲಿ ಮಾಡುವ ಚಿಕಿತ್ಸೆ. ಅಲ್ಲೂ ಒಬ್ಬ ಡಾಕ್ಟರಿದ್ದ, ಅವನ ಕೈಯಲ್ಲಿ ಕತ್ತಿಯಿತ್ತು. ಇವತ್ತಿನ ವರದಿಗಳಲ್ಲಿ ‘ರಿಸೋರ್ಸಸ್ ಆರ್ ಡಿಪ್ಲೀಟೆಡ್’ ಅಂತ ಬರುವಾಗ ಡಾಕ್ಟರೂ ಇಲ್ಲ, ಕತ್ತಿಯೂ ಇಲ್ಲ. ರಕ್ತ ತಾನಾಗಿ ಎಲ್ಲಿಗೋ ಎದ್ದು ಹೋಗಿದೆ.

ಇಂಗ್ಲಿಷನ್ನು ಬೈಯುವುದು ನನ್ನ ಉದ್ದೇಶವಲ್ಲ. ಆ ಭಾಷೆಯಲ್ಲಿ ಬೇಕಾದಷ್ಟು ಖಾರದ ಮಾತುಗಳಿವೆ. ಸ್ಕ್ವಾಂಡರ್ ಅಂದರೆ ದುಂದು ಮಾಡಿದವನಿಗೆ ಕಪಾಳಕ್ಕೆ ಬೀಳುತ್ತದೆ. ಗಝಲ್, ಡಿವೌರ್, ಫ್ರಿಟರ್ ಅವೇ, ಒಂದೊಂದಕ್ಕೂ ಒಂದೊಂದು ಮುಖ. ಮನೆಯೊಳಗಿನ ಯೂಸ್ ಅಪ್, ಈಟ್ ಅಪ್, ಫಿನಿಷ್ ಆಫ್ ಎಲ್ಲ ನೇರ ಮಾತುಗಳು, ಯಾರು ಅಂತ ಹೇಳಿಯೇ ಹೇಳುತ್ತವೆ. ನಮ್ಮ ದುರದೃಷ್ಟ, ಇಂಗ್ಲಿಷಿನ ಅಡುಗೆಮನೆ ನಮ್ಮ ತನಕ ಬರಲಿಲ್ಲ, ಅದರ ಆಫೀಸು ಮಾತ್ರ ಬಂತು. ಎಚ್‌ಆರ್ ಮೇಲು, ಪವರ್ ಪಾಯಿಂಟು, ಕಂಪನಿಯ ವಾರ್ಷಿಕ ವರದಿ, ಇವುಗಳಲ್ಲಿರುವ ನಾಲ್ಕೈದು ಲ್ಯಾಟಿನ್ ಕ್ರಿಯಾಪದಗಳನ್ನೇ ಇಡೀ ಇಂಗ್ಲಿಷ್ ಅಂದುಕೊಂಡು ನಾವು ಮನೆಗೆ ತಂದೆವು.

ಮನೆಯಲ್ಲಿ ಏನಿತ್ತು? ‘ತಿನ್ನು’ ಒಂದೇ ಸಾಕು ನೋಡಲಿಕ್ಕೆ. ತಿಂದ ಅಂದರೆ ತಿಂದ, ಅಷ್ಟೆ. ತಿಂದುಬಿಟ್ಟ ಅಂದರೆ ಮುಗಿಯಿತು, ಇನ್ನು ವಾಪಸ್ಸು ಬರುವುದಿಲ್ಲ. ತಿಂದುಹಾಕಿದ ಅಂದರೆ ತಿನ್ನಬಾರದ್ದನ್ನು ತಿಂದ, ನನಗೆ ಸಿಟ್ಟು ಬಂದಿದೆ. ತಿಂದು ತೇಗಿದ ಅಂದರೆ ತಿಂದದ್ದಲ್ಲದೆ ನಾಚಿಕೆಯೂ ಇಲ್ಲ. ನುಂಗಿ ನೀರು ಕುಡಿದ ಅಂದರೆ ಅದು ಸೊಸೈಟಿಯ ದುಡ್ಡು, ಆಡಿಟ್ಟಿನಲ್ಲೂ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಲಂಚ ತೆಗೆದುಕೊಳ್ಳುತ್ತಾರೆ, ಕನ್ನಡದಲ್ಲಿ ತಿನ್ನುತ್ತಾರೆ. ಒಂದು ‘ಬಿಡು’, ಒಂದು ‘ಹಾಕು’ ಪಕ್ಕಕ್ಕೆ ಬಂದು ನಿಂತರೆ ಸಾಕು, ಹೇಳುವವನ ತೀರ್ಪು ಮಾತಿನೊಳಗೇ ಬಂದುಬಿಡುತ್ತದೆ. ಈಗ ‘ಕನ್ಸ್ಯೂಮ್ ಮಾಡಿಹಾಕಿದ’ ಅಂದು ನೋಡಿ. ನಾಲಿಗೆಯೇ ಹೊರಳುವುದಿಲ್ಲ.

ಇಲ್ಲದಾಗುವ ಬಗೆಗಳಿಗೂ ನಮ್ಮಲ್ಲಿ ಬೇರೆ ಬೇರೆ ಮಾತು. ಬಾವಿ ಬತ್ತುತ್ತದೆ, ನೀರು ಇಂಗುತ್ತದೆ, ಗಂಧದ ಕೊರಡು ತೇಯುತ್ತದೆ, ಚಪ್ಪಲಿ ಸವೆಯುತ್ತದೆ, ಕೈಯಲ್ಲಿದ್ದ ಗಂಟು ಕರಗುತ್ತದೆ, ಮಗು ಸೊರಗುತ್ತದೆ. ತಾಲ್ಲೂಕು ಆಫೀಸಿಗೆ ಅಲೆದು ಚಪ್ಪಲಿ ಸವೆಸಿದ ರೈತ ‘ಚಪ್ಪಲಿ ಎಕ್ಸಾಸ್ಟ್ ಆಯ್ತು’ ಅಂದರೆ ಆ ಆಫೀಸು ಕಥೆಯಿಂದ ಜಾರಿಹೋಗುತ್ತದೆ.

ನನ್ನ ಮಗಳಿಗೆ ಏಳು ವರ್ಷ. ಹಾಲು ಇಲ್ಲದಿದ್ದರೆ ಕೆಲಸಕ್ಕೆ ಬರುವ ಮಾವಶಿಗೆ ‘ಸಂಪ್ಲಂ’ ಅನ್ನುತ್ತಾಳೆ, ಶಾಲೆಯ ಗೆಳತಿಯರ ಹತ್ತಿರ ‘ಖತಂ’, ನಮ್ಮ ಹತ್ತಿರ ‘ಓವರ್ ಆಯ್ತು’. ಶಾಂಪೂ ಓವರ್, ಪೆನ್ಸಿಲ್ ಓವರ್, ರಜೆ ಓವರ್. ಹೋದ ವರ್ಷ ಊರಿನಲ್ಲಿ ನಮ್ಮಪ್ಪ ತೀರಿಕೊಂಡರು. ಫೋನಿನಲ್ಲಿ ನಾನು ಯಾರಿಗೋ ಹೇಳುತ್ತಿದ್ದದ್ದನ್ನು ಕೇಳಿಸಿಕೊಂಡು, ತೀರಿಕೊಂಡರು ಅಂದರೇನು ಅಂದಳು. ಸಾಲ ತೀರುತ್ತದಲ್ಲ, ಬಾಯಾರಿಕೆ ತೀರುತ್ತದಲ್ಲ, ಏನೋ ಒಂದು ಆಸೆ ಇತ್ತು ಅದು ತೀರಿತು ಅಂತೀವಲ್ಲ, ಆ ಥರ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, ‘ಹಂಗಾದ್ರೆ ತಾತಂಗೆ ಏನು ತೀರ್ತು?’

ಉತ್ತರ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಆದರೆ ಆ ಪ್ರಶ್ನೆ ಹುಟ್ಟಬೇಕಾದರೆ ‘ತೀರು’ ಅನ್ನುವ ಮಾತು ಬೇಕಿತ್ತು. ಮುಗಿಯುವುದೂ ತಣಿಯುವುದೂ ಋಣ ಹರಿಯುವುದೂ ಒಂದೇ ಮಾತಿನಲ್ಲಿ ಕೂತಿವೆ. ‘ಓವರ್’ ಇಂದ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ. ನನಗೆ ಹೆದರಿಕೆ ಇರುವುದು ಇಲ್ಲಿ.

ಇನ್ನು ತಿಂದವರ ಹೆಸರು ಮರೆಸುವ ಮಾತಿಗೆ ಬರುತ್ತೇನೆ. 2019ರ ಜೂನಿನಲ್ಲಿ ನಾನು ಚೆನ್ನೈಯ ಓಎಂಆರ್ ರಸ್ತೆಯ ಒಂದು ಕಂಪನಿಯಲ್ಲಿದ್ದೆ. ಹಿಂದಿನ ವರ್ಷದ ಈಶಾನ್ಯ ಮುಂಗಾರು ಕೈಕೊಟ್ಟಿತ್ತು. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ, ನಾಲ್ಕೂ ಜಲಾಶಯಗಳ ತಳ ಕಾಣುತ್ತಿತ್ತು. ಆಫೀಸಿನಿಂದ ಮೇಲು ಬಂತು, ಸಾಧ್ಯವಾದವರು ಮನೆಯಿಂದಲೇ ಕೆಲಸ ಮಾಡಿ. ಲೋಕದ ಪತ್ರಿಕೆಗಳೆಲ್ಲ ಒಂದೇ ತಲೆಬರಹ ಹಾಕಿದವು: ಚೆನ್ನೈ ಹ್ಯಾಸ್ ರನ್ ಔಟ್ ಆಫ್ ವಾಟರ್. ನಮ್ಮ ಕನ್ನಡ ಪೋರ್ಟಲ್ಲುಗಳು ಅದನ್ನೇ ‘ಚೆನ್ನೈನಲ್ಲಿ ನೀರು ಖಾಲಿ!’ ಅಂದವು.

ರನ್ ಔಟ್. ಓಡಿಹೋಯಿತಂತೆ. ನಮ್ಮ ಬೀದಿಯ ತುದಿಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಅಕ್ಕ ಬೇರೆಯೇ ವ್ಯಾಕರಣದಲ್ಲಿ ಮಾತಾಡಿದಳು: ‘ಎಲ್ಲಾಂ ಲಾರಿಕಾರಂಗ ಎಡುತ್ತುಟ್ಟಾಂಗ.’ ಎಲ್ಲ ಲಾರಿಯವರು ಎತ್ತಿಕೊಂಡುಬಿಟ್ಟರು. ಅವಳ ತಮಿಳಿನಲ್ಲೂ ನಮ್ಮ ‘ಬಿಡು’ವಿನ ದಾಯಾದಿ ಕೂತಿದ್ದಾನೆ, ಗಮನಿಸಿ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಊರಾಚೆಯ ಹಳ್ಳಿಗಳ ಬಾವಿಗಳಿಂದ ಸೇದಿದ ನೀರು ಟ್ಯಾಂಕರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಬರುತ್ತಿತ್ತು. ನಾನು ಸ್ನಾನ ಮಾಡುತ್ತಿದ್ದ ನೀರು ಅದು. ಮಳೆನೀರು ತಂಗುತ್ತಿದ್ದ ಪಳ್ಳಿಕರಣೈ ಜೌಗಿನ ಬಹುಪಾಲನ್ನು ಕಸದ ರಾಶಿ, ರಸ್ತೆ, ಐಟಿ ಕಟ್ಟಡಗಳು ನುಂಗಿ ಆಗಿತ್ತು. ಮಳೆ ಬರಲಿಲ್ಲ ಅನ್ನುವುದು ನಿಜ. ಬಂದಿದ್ದರೆ ನಿಲ್ಲಲಿಕ್ಕೆ ಜಾಗ ಬಿಟ್ಟಿರಲಿಲ್ಲ ಅನ್ನುವುದೂ ಅಷ್ಟೇ ನಿಜ. ಜುಲೈನಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ 25 ಲಕ್ಷ ಲೀಟರ್ ನೀರು ಬಂದಿಳಿದಾಗ ಟಿವಿಯವರು ಹೂವಿನ ಹಾರ ತೋರಿಸಿದರು. ಯಾರೂ ‘ತಿಂದುಹಾಕಿದೆವು’ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಮನೆಗೆ ಫೋನ್ ಮಾಡಿ ‘ಇಲ್ಲಿ ನೀರು ಖಾಲಿ’ ಅಂದೆ, ನನಗೂ ಅದಕ್ಕೂ ಸಂಬಂಧವಿಲ್ಲದವನ ಹಾಗೆ.

2024ರ ಮಾರ್ಚಿನಲ್ಲಿ ಬೆಂಗಳೂರಿನ ಸರದಿ ಬಂದಾಗ ಅದೇ ತಲೆಬರಹ, ಊರಿನ ಹೆಸರು ಮಾತ್ರ ಬೇರೆ.

‘ಎಕ್ಸಾಸ್ಟ್’ ಮಾತಿನ ಜಾಣತನ ನೋಡಬೇಕೆಂದರೆ ಕೆಜಿಎಫ್‌ಗೆ ಹೋಗಬೇಕು, ಸಿನಿಮಾದ್ದಲ್ಲ, ಕೋಲಾರದ್ದು. 1880ರಿಂದ ಜಾನ್ ಟೇಲರ್ ಕಂಪನಿ, ಆಮೇಲೆ ಸರ್ಕಾರ, ಒಟ್ಟು ಸುಮಾರು 120 ವರ್ಷ ತೋಡಿದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಬೆಂಗಳೂರಿನ ಬೀದಿಗೆ ದೀಪ ಬರುವ ಮೊದಲೇ, 1902ರಲ್ಲಿ, ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಈ ಗಣಿಗಳಿಗೆ ಹರಿಯಿತು. ಸುಮಾರು 800 ಟನ್ ಚಿನ್ನ ಹೊರಗೆ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದಿರು ಎಕ್ಸಾಸ್ಟ್ ಆಗಿದೆ, ಇನ್ನು ಗಿಟ್ಟುವುದಿಲ್ಲ. ಲೆಕ್ಕದ ಭಾಷೆಯಲ್ಲಿ ಅದು ಸರಿಯೇ ಇರಬಹುದು. ಆದರೆ ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್‌ನಿಂದ ಸವೆದ ಪುಪ್ಪುಸಗಳನ್ನು ಆ ಕ್ರಿಯಾಪದದಲ್ಲಿ ಎಲ್ಲಿ ಇಡುತ್ತೀರಿ? ಸೈನೈಡ್ ದಿಬ್ಬಗಳು ಊರಲ್ಲೇ ಉಳಿದವು, ಚಿನ್ನ ಮಾತ್ರ ಊರಲ್ಲಿ ಉಳಿಯಲಿಲ್ಲ. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಗಣಿಯವರ ಮಕ್ಕಳು ಮೊಮ್ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಸುಸ್ತಾಗಿ ಬರುತ್ತಾರೆ. ಆ ಸುಸ್ತಿಗೂ ಇಂಗ್ಲಿಷಿನಲ್ಲಿ ಎಕ್ಸಾಸ್ಟೆಡ್ ಅಂತಲೇ ಅನ್ನುವುದು.

ಹೆಸರಿಟ್ಟು ಹೇಳುವುದಕ್ಕೆ ಇಂಗ್ಲಿಷಿನಲ್ಲಿ ಆಗುವುದಿಲ್ಲ ಅಂತೇನಿಲ್ಲ. ಮುಂಬಯಿಯ ದಾದಾಭಾಯಿ ನವರೋಜಿ 1867ರಲ್ಲಿ ಲಂಡನ್ನಿನಲ್ಲಿ ನಿಂತು ‘ಇಂಗ್ಲೆಂಡ್ಸ್ ಡೆಟ್ ಟು ಇಂಡಿಯಾ’ ಅಂತ ಪ್ರಬಂಧ ಓದಿದರು. 1901ರ ‘ಪಾವರ್ಟಿ ಆಂಡ್ ಅನ್-ಬ್ರಿಟಿಷ್ ರೂಲ್ ಇನ್ ಇಂಡಿಯಾ’ ತನಕ ಅವರು ಹಿಡಿದದ್ದು ಮುಖ್ಯವಾಗಿ ಒಂದೇ ಪದ, ‘ಡ್ರೇನ್’. ಇಂಡಿಯಾದ ಸಂಪತ್ತು ಡಿಪ್ಲೀಟ್ ಆಗಿದೆ ಅಂತ ಬರೆದಿದ್ದರೆ ಪಾರ್ಲಿಮೆಂಟಿನ ಸಭ್ಯರು ಅಯ್ಯೋ ಪಾಪ ಅಂದು ಟೀ ಕುಡಿಯುತ್ತಿದ್ದರು. ಡ್ರೇನ್ ಅಂದರೆ ಕಾಲುವೆಗೆ ಎರಡು ತುದಿ ಇರಲೇಬೇಕು, ಹೊರಟದ್ದು ಎಲ್ಲಿಂದ, ಸೇರಿದ್ದು ಯಾರ ತೊಟ್ಟಿಗೆ. ಅವರು ರೂಪಾಯಿ ಲೆಕ್ಕದಲ್ಲಿ ಎರಡೂ ತುದಿ ತೋರಿಸಿದರು.

ಈಗ ನನಗೆ ಎದುರಾಗುವ ಮಾತುಗಳು ಗೊತ್ತಿವೆ. ಮೊದಲನೆಯದು, ನೀವು ಮಡಿವಂತರು, ಭಾಷೆ ಬೆಳೆಯಬೇಕು. ಸ್ವಾಮಿ, ನಾನು ದಿನಕ್ಕೆ ಇಪ್ಪತ್ತು ಸಲ ‘ಖಾಲಿ’ ಅನ್ನುತ್ತೇನೆ, ‘ಖರ್ಚು’ ಅನ್ನುತ್ತೇನೆ. ಎರಡೂ ಅರಬ್ಬಿಯಿಂದ ಹೊರಟು ಪಾರಸಿಯ ದಾರಿ ಹಿಡಿದು ಬಂದವು. ಬಂದು ನಮ್ಮ ಮನೆಯ ಕೆಲಸ ಮಾಡಿದವು, ಉಳಿದವು. ‘ಡಬ್ಬಿ ಖಾಲಿ ಮಾಡಿದೋರು ಯಾರೋ?’ ಅಂದರೆ ಕಳ್ಳ ಸಿಕ್ಕಿಬೀಳುತ್ತಾನೆ. ಕನ್ಸ್ಯೂಮ್ ಬಂದು ಯಾರ ಕೆಲಸ ಮಾಡುತ್ತಿದೆ ಅಂತ ನಾನು ಕೇಳುತ್ತಿರುವುದು.

ಎರಡನೆಯದು ಸ್ವಲ್ಪ ಗಟ್ಟಿ ಮಾತು. ಗೆಳೆಯರೊಬ್ಬರು ಅಂದರು, ಕನ್ನಡದವರೇನು ಕಡಿಮೆಯೇ, ಕವಿತೆಯನ್ನು ಸವಿಯುತ್ತೇವೆ, ಆಸ್ವಾದಿಸುತ್ತೇವೆ, ಅದೂ ತಿನ್ನುವುದೇ ಅಲ್ಲವೇ. ಹೌದು, ನಾಲಿಗೆಯಿಂದಲೇ ಬಂದ ಮಾತುಗಳು. ಆದರೆ ರುಚಿ ನೋಡಿದ್ದರಿಂದ ಪಾತ್ರೆ ಬರಿದಾಗುವುದಿಲ್ಲ. ಇನ್ನೂ ಒಂದು ಇದೆಯಲ್ಲ, ಓದಿದ್ದನ್ನು ಮೆಲುಕು ಹಾಕುವುದು. ಹಸು ನುಂಗಿದ್ದನ್ನು ಮತ್ತೆ ಬಾಯಿಗೆ ತಂದುಕೊಳ್ಳುತ್ತದೆ. ಕನ್ಸ್ಯೂಮ್ ಆದದ್ದು ಹಾಗೆ ವಾಪಸ್ಸು ಬರುವುದಿಲ್ಲ, ಮುಂದಿನ ವೀಡಿಯೊ ಬರುತ್ತದೆ.

ಮೂರನೆಯದನ್ನು ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. ಮುಚ್ಚಿಡುವ ಮಾತು ನಮ್ಮಲ್ಲೂ ಇದೆ. ತಿಪಟೂರು ಕಡೆಯ ನಮ್ಮಜ್ಜಿ ಅಕ್ಕಿ ಮುಗಿಯಿತು ಅಂತ ಸತ್ತರೂ ಅನ್ನುತ್ತಿರಲಿಲ್ಲ. ‘ಅಕ್ಕಿ ತುಂಬೈತೆ ಕಣೋ’ ಅನ್ನುತ್ತಿದ್ದಳು. ಕುಂಕುಮ ಹೆಚ್ಚೈತೆ. ಬಳೆ ಒಡೆದರೆ ಬಳೆ ಹೆಚ್ಚಿತು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು. ಇದೂ ಉಲ್ಟಾ ಮಾತೇ, ಇಲ್ಲದ್ದನ್ನು ಇದೆ ಅನ್ನುವುದು. ಚಿಕ್ಕವನಿದ್ದಾಗ ನನಗೆ ತಮಾಷೆ ಅನ್ನಿಸುತ್ತಿತ್ತು. ಆದರೆ ‘ಅಕ್ಕಿ ತುಂಬೈತೆ’ ಅಂದ ಮರುದಿನ ನಮ್ಮಪ್ಪ ಚೀಲ ಹಿಡಿದು ಸಂತೆಗೆ ಹೋಗುತ್ತಿದ್ದರು. ಮನೆಯಲ್ಲಿ ಒಬ್ಬರಿಗೂ ಆ ಮಾತಿನಿಂದ ಮೋಸವಾಗಲಿಲ್ಲ. ಯಾರು ತುಂಬಿಸಬೇಕೋ ಅವರ ಕಿವಿಗೆ ಬೀಳಲಿ ಅಂತಲೇ ಅವಳು ಹೇಳುತ್ತಿದ್ದದ್ದು. ‘ರಿಸೋರ್ಸಸ್ ಆರ್ ಡಿಪ್ಲೀಟೆಡ್’ ಅಂತ ಓದಿ ಚೀಲ ಹಿಡಿದು ಹೊರಟವರನ್ನು ನಾನಂತೂ ನೋಡಿಲ್ಲ.

ಹಾಗಂತ ಆಫೀಸಿನಲ್ಲಿ ಕನ್ನಡದ ಕ್ರಿಯಾಪದ ನಡೆಸಿ ಅಂತ ನಾನು ಹೇಳುವುದಿಲ್ಲ. ಆಫೀಸಿನ ಮೇಲಿಗೆ ಆಫೀಸಿನ ಮಾತು, ಸಂಬಳ ಅದಕ್ಕೇ ಕೊಡುತ್ತಾರೆ. ನಾನು ಕೇಳುತ್ತಿರುವುದು ಸಂಜೆ ಏಳರ ಮೇಲಿನ ಮಾತು. ಮನೆಯಲ್ಲಿ, ಗುಂಪಿನಲ್ಲಿ, ಇಂಥ ಪತ್ರಿಕೆಗಳಲ್ಲಿ ನಾವು ಆಡುವ ಕನ್ನಡ. ಕಥೆಗೆ ಓದು ಅನ್ನಿ, ಹಾಡಿಗೆ ಕೇಳು ಅನ್ನಿ. ಕೆರೆಯ ವಿಷಯ ಬಂದಾಗ ನುಂಗಿದವರು ಯಾರು ಅಂತ ವಾಕ್ಯದ ಮೊದಲಲ್ಲೇ ಇಡಿ, ಅಲ್ಲಿ ‘ನಾವು’ ಅಂತ ಬರೆಯಬೇಕಾಗಿ ಬಂದರೂ ಸರಿ.

ಫಾರ್ಮ್ ಇನ್ನೂ ಕಳಿಸಿಲ್ಲ. ಗುಂಪಿನ ಹುಡುಗ ಎರಡು ಸಲ ನೆನಪಿಸಿದ, ‘ಸರ್, ನಿಮ್ಮದೊಂದೇ ಪೆಂಡಿಂಗ್.’ ಅವನಿಗೆ ಬರೆದಿದ್ದೇನೆ: ನಾಲ್ಕನೇ ಪ್ರಶ್ನೆ ಒಡೆದು ಮೂರು ಮಾಡಪ್ಪ, ಏನು ಓದಿದಿರಿ, ಏನು ಕೇಳಿದಿರಿ, ಏನು ನೋಡಿದಿರಿ. ಗಂಟೆ ಲೆಕ್ಕ ಬೇಡ, ಹೆಸರು ಬರೆಯಲಿಕ್ಕೆ ಜಾಗ ಬಿಡು. ರಾತ್ರಿಯೇ ತುಂಬಿ ಕಳಿಸುತ್ತೇನೆ.